ಒಂದು ಜೋಳದ ಕಾಳಿನಷ್ಟು ವಾರೆ

ನಾರಾಯಣಪೇಟೆ
೧೧ ಜನವರಿ ೧೯೪೩

ಗೆಳೆಯ ಮಾರ್ಕಂಡೇಯನಿಗೆ,

ಹದಿನಾಲ್ಕು ವರ್ಷ ವಕಾಲತ್ತು ಮಾಡಿ, ಮೂರು ಮಂದಿ ಮುನ್ಸಿಫರ ಮುಂದೆ ಸತ್ಯದ ಪಕ್ಷ ಹಿಡಿದು, ಬಹಳ ಸಲ ಸೋತು, ಊರಲ್ಲಿ ಒಂದಿಷ್ಟು ಮರ್ಯಾದೆ ಗಳಿಸಿರುವ ಜಯತೀರ್ಥ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ನೆಟ್ಟಗಿರುವಾಗಲೇ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಗುರುವಾರ ಮಧ್ಯಾಹ್ನ, ಕಡತ ನೋಡುವ ಪೇಷ್ಕಾರರು ನಮಾಜಿಗೆ ಎದ್ದುಹೋದ ಹೊತ್ತು ನೋಡಿ, ಕಚೇರಿಯ ಕಾಗದಪತ್ರ ಕಟ್ಟುವ ಕೆಂಪು ದಾರದ ಉಂಡೆಯೊಂದನ್ನು ಕೋಟಿನ ಜೇಬಿಗೆ ಇಳಿಸಿದೆ. ಸರ್ಕಾರಿ ಸ್ವತ್ತು. ಉದ್ದ ಅಂದಾಜು ಹದಿನೆಂಟು ಮೊಳ. ಸಾಕ್ಷಿ: ಗೋಡೆಯ ಮೇಲಿನ ಹಲ್ಲಿ. ಅದು ಲೊಚಗುಟ್ಟಿ ಸಾಕ್ಷ್ಯವನ್ನೂ ನುಡಿಯಿತು.

ಅಪರಾಧದ ಉದ್ದೇಶ: ಮೋಟಾರಿನ ಗಾಲಿ ನೆಟ್ಟಗೆ ಮಾಡುವುದು. ಫಲ: ಸೊನ್ನೆ.

ಹದಿನಾರು ವರ್ಷದ ನನ್ನ ಮುದಿ ಗಾಡಿಯನ್ನು ನೀನು ನೋಡಿದ್ದೀ. ಈಗ ಅದಕ್ಕೆ ಬಲಗಡೆಯ ಹುಚ್ಚು ಹಿಡಿದಿದೆ. ಸ್ಟೇರಿಂಗು ನೆಟ್ಟಗೆ ಹಿಡಿದರೆ ಬಲಗಡೆಯ ಹೊಲಕ್ಕೆ ಹೋಗುತ್ತದೆ. ಎಡಕ್ಕೆ ತಿರುವಿ ಹಿಡಿದರೆ ಮಾತ್ರ ರಸ್ತೆಯ ಮೇಲೆ ನಿಲ್ಲುತ್ತದೆ. ಅದು ಬಲಕ್ಕೆ ಎಳೆದೆಳೆದು ನನ್ನ ಬಲವೇ ಉಡುಗಿತು. ಮುಂದಿನ ಬಲಗಾಲಿಯ ಟಾಯರು ಒಂದೇ ಮಗ್ಗುಲು ಸವೆದು ಒಳಗಿನ ಬಟ್ಟೆ ಕಾಣುತ್ತಿದೆ. ನಮ್ಮಿಬ್ಬರಲ್ಲಿ ಹೆಚ್ಚು ಟಾಯರ್ಡ್ ಆದವನು ನಾನೇ. ಹೊಸ ಟಾಯರಿಗೆ ಪರ್ಮಿಟು ಬೇಕು. ಕೊಡಬೇಕಾದ ಸಾಹೇಬರು, 'ಲಡಾಯಿ ಮುಗೀಲಿ, ವಕೀಲ್ ಸಾಬ್' ಎಂದು ಕಳಿಸಿದರು.

ಲಡಾಯಿ ನಮ್ಮ ಮನೆಯಲ್ಲೂ ನಡೆದಿದೆ. ನಮ್ಮ ಕಾಶಿಯ ವಿಷಯ. ಚೌಕಾಬಾರದಲ್ಲಿ ನಿನ್ನ ಕಾಯಿ ಕದಿಯುತ್ತಿದ್ದ ನನ್ನ ತಂಗಿ ಗಂಡ ತೀರಿದ ಮೇಲೆ ಹೈದರಾಬಾದಿಗೆ ಹೋಗಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು ಬಂದು ನಾಲ್ಕು ವರ್ಷವಾಯಿತು. ಈಗ ಮಖ್ತಲ್ ಸುತ್ತಿನ ಹಳ್ಳಿಗಳಿಗೆಲ್ಲ ಅವಳೇ ಕಾಶೀಬಾಯಿ. ನಾನು ಅವಳ ಡ್ರೈವರು. ನಮ್ಮ ದೊಡ್ಡಪ್ಪ ಸುಧೀಂದ್ರಾಚಾರ್ಯರಿಗೆ ಇದು ಮೊದಲಿನಿಂದಲೂ ಮುಳ್ಳು. ಸಂಕ್ರಾಂತಿಯ ಸಾಮಾನಿಗೆಂದು ಮೊನ್ನೆ ಎಲ್ಲರೂ ಸೇರಿದಾಗ ತೀರ್ಪು ಕೊಟ್ಟರು: 'ಈ ಟಾಯರು ಇರೂತನಕ ತಿರುಗಲಿ. ಟಾಯರು ಮುಗದ ದಿನ ಮನೀ ಒಳಗ ಕೂಡಲಿ. ಇದು ನನ್ನ ಮಾತು.' ನಾನು ಎಲ್ಲರೆದುರು ಒಪ್ಪಿಬಿಟ್ಟೆ. ಅವರು ಎದ್ದುಹೋದ ಮೇಲೆ ಅಂಗಳಕ್ಕೆ ಬಂದು ಟಾಯರು ನೋಡಿದೆ.

ಕಾಶಿ ತನ್ನ ಚೀಲದ ಸಾಮಾನು ತೆಗೆದು, ಒರೆಸಿ, ಮತ್ತೆ ಇಟ್ಟಳು.

ನೀನು ಗದ್ವಾಲ ಕೋಟೆಯ ಮೋಟಾರುಖಾನೆಯಲ್ಲಿ ಹನ್ನೆರಡು ವರ್ಷದಿಂದ ಗಾಲಿಗಳ ವಾರೆ ತೆಗೆಯುವವನು. ಗಾಡಿಯನ್ನು ಹರಿಗೋಲಿನಲ್ಲಿ ಹಾಕಿ ಕೃಷ್ಣೆ ದಾಟಿಸಲಾರೆ, ನಿನ್ನನ್ನು ದಾಟಿಸಬಹುದು. ಒಂದು ದಿನದ ಮಟ್ಟಿಗೆ ಬಾ.

ನಿನ್ನ
ಜಯತೀರ್ಥ

*

ಗದ್ವಾಲ
೧೯ ಜನವರಿ ೧೯೪೩

ವಕೀಲ ಜಯತೀರ್ಥರಾಯರಿಗೆ ಮಾರ್ಕಂಡೇಯನ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಸದ್ಯ ಬರಾಕ ಆಗಂಗಿಲ್ಲ. ಇಲ್ಲಿ ಕೆಲಸ ಬಾಳ ಐತಿ. ಬರದು ತಿಳಸ್ತೀನಿ, ಹಂಗ ಮಾಡ್ರಿ.

ಮೊದಲು ಆ ಕಚೇರಿ ದಾರ ಕಚೇರಿಗೇ ಕೊಟ್ಟುಬಿಡ್ರಿ. ಜಗ್ಗಿದಷ್ಟೂ ಉದ್ದ ಆಗೋ ದಾರ ಅದು. ನಿಮ್ಮ ಕಚೇರಿ ಕೆಲಸಕ್ಕ ಸರಿ, ಗಾಲಿಗಲ್ಲ. ನಮ್ಮ ಹಳೇ ಓಣ್ಯಾಗ ಕರಿಬಸಯ್ಯ ಇನ್ನಾ ಸೀರಿ ನೇಯ್ತಾನಲ್ಲ, ಅವನ ಕಡಿಂದ ಗಂಜಿ ಹಾಕಿದ ಹಾಸಿನ ನೂಲು, ಮಗ್ಗದಾಗ ಉದ್ದಕ್ಕ ಕಟ್ಟೋದು, ಇಸ್ಕೊಳ್ರಿ. ಅದು ಜಗ್ಗಂಗಿಲ್ಲ, ಸುಳ್ಳು ಹೇಳಂಗಿಲ್ಲ. ಅಲ್ಲೇ ಓಣ್ಯಾಗ ಹಾಸು ಹಾಸೋ ನೆಲ ಮಟ್ಟ ಐತಿ. ಗಾಡಿ ಅಲ್ಲಿ ನಿಲ್ಲಸ್ರಿ.

ನಾಕೂ ಗಾಲಿಗೆ ಗಾಳಿ ಸಮ ಇರಲಿ. ಗಾಡೀನ ಕೈಲೆ ಮೂರು ಗಜ ಮುಂದಕ್ಕ ನೂಕ್ರಿ. ಹಿಂದಕ್ಕ ಎಳದು ನಿಲ್ಲಸಬ್ಯಾಡ್ರಿ. ಹಳೇ ಗಾಡಿ ಕೀಲು ಸಡ್ಲ ಇರತಾವ, ಹಿಂದಕ್ಕ ಎಳದ್ರ ಅಳತಿ ತಪ್ಪತೈತಿ. ಒಂದೊಂದ ಮುಂದಿನ ಗಾಲಿ ಜಾಕಿ ಹಾಕಿ ಎತ್ತಿ, ಟಾಯರಿಗೆ ಸುಣ್ಣ ಬಳದು, ತಿರುವತಾ ಮೊಳೀಲೆ ನಟ್ಟನಡುವ ಒಂದು ಗೆರಿ ಕೊರೀರಿ. ಗಾಲಿ ಸೊಟ್ಟ ಇದ್ದರೂ ಆ ಗೆರಿ ನೆಟ್ಟಗ ಬರತೈತಿ. ಗಾಡಿ ಇಳಿಸಿ, ಎರಡೂ ಗೆರಿ ನಡುವಿನ ಅಂತರ ಬಿದಿರ ಕಡ್ಡೀಲೆ ಅಳೀರಿ. ಗಾಲಿ ಮುಂದ ಒಮ್ಮೆ, ಹಿಂದ ಒಮ್ಮೆ. ಮುಂದಿನ ಅಳತಿ ಹಿಂದಿನದಕ್ಕಿಂತ ಒಂದು ಜೋಳದ ಕಾಳಿನಷ್ಟು ಕಮ್ಮಿ ಇರಬೇಕು. ಗಾಲಿಗಳು ಒಂದಕ್ಕೊಂದು ಒಂದಿಷ್ಟು ಮುಖ ಮಾಡಿ ನಿಂತಂಗ. ಜಾಸ್ತಿ ಇದ್ರ ಟಾಯರು ತಿಂತಾವ, ಕಮ್ಮಿ ಇದ್ರ ರಸ್ತಾ ಬಿಡತಾವ.

ಅದಕ್ಕೂ ಮೊದಲು ಮುಂದಿನ ಗಾಲಿ ನಡುವಿಂದ ಹಿಂದಿನ ಗಾಲಿ ನಡುವಿಗೆ ನೂಲು ಹಿಡದು ನೋಡ್ರಿ, ಎಡಕ್ಕೂ ಬಲಕ್ಕೂ. ಎರಡೂ ಸಮ ಇರಬೇಕು.

ಅಳತಿ ಎಲ್ಲಾ ಬರದು ಕಳಸ್ರಿ. ಇದ್ದದ್ದು ಇದ್ದಂಗ ಬರೀರಿ. ಕಾಶಕ್ಕಗ ನಮಸ್ಕಾರ ಹೇಳ್ರಿ.

ಮಾರ್ಕಂಡೇಯ

*

ನಾರಾಯಣಪೇಟೆ
೨ ಫೆಬ್ರವರಿ ೧೯೪೩

ಶ್ರೀಮನ್ಮಾರ್ಕಂಡೇಯ ಮಹಾಶಯರ ಸನ್ನಿಧಿಗೆ,

'ಹೇಳ್ರಿ', 'ಮಾಡ್ರಿ', 'ವಕೀಲರಿಗೆ ನಮಸ್ಕಾರ'. ಒಂದೇ ಹಲಗೆ ಮೇಲೆ ಇಬ್ಬರೂ ಉಗುಳಿ ಒರೆಸಿದವರು ನಾವು. ನೀನು ನನಗೆ 'ನೀವು' ಅಂದರೆ ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ. ಏನು ಸಿಟ್ಟು?

ಇರಲಿ. ಗಾಲಿಯ ವರದಿ ಕೇಳು.

ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಗಾಡಿ ನಿಲ್ಲಿಸಿದೆವು. ಕರಿಬಸಯ್ಯ ನೂಲು ತಂದ. ಒಂದು ತುದಿ ಅವನ ಕೈಗೆ, ಇನ್ನೊಂದು ತುದಿ ನನ್ನ ಕೈಗೆ. ನಾನು ನೆಲಕ್ಕೆ ಮಲಗಿದೆ. ಗಾಡಿಯ ಕೆಳಗಿನಿಂದ ಪ್ರಪಂಚ ನೋಡಿದರೆ ವೇದಾಂತ ತಾನಾಗಿ ಬರುತ್ತದೆ. ಎದ್ದು ಬರುವುದು ಮಾತ್ರ ಕಷ್ಟ.

'ರಾಯರ, ಉಸಿರು ಬಿಡಬ್ಯಾಡ್ರಿ. ನೂಲು ಅಳ್ಳಾಡತೈತಿ' ಎಂದ ಕರಿಬಸಯ್ಯ.

'ಎಷ್ಟು ಹೊತ್ತೋ ಮಾರಾಯ?'

'ಗಾಲಿ ಸರಿ ಆಗೂತನ.'

ಎದುರುಮನೆಯ ಆಶಮ್ಮ ರಾಟೆ ಬಿಟ್ಟು ಹೊಸ್ತಿಲಿಗೆ ಬಂದು, 'ಏನ್ ಕರಿಬಸಯ್ಯಾ, ವಕೀಲರನ್ನ ಮಗ್ಗದ ಹಾಸಿಗೆ ಹಾಕಿಯೇನು? ಎಷ್ಟು ಸೀರಿ ಆಕ್ಕಾವ?' ಎಂದಳು. ಓಣಿಯೆಲ್ಲ ನಕ್ಕಿತು. ನಾನು ಉಸಿರು ಬಿಟ್ಟೆ. ನೂಲು ಅಳ್ಳಾಡಿತು. ಮತ್ತೆ ಮೊದಲಿನಿಂದ.

ಎಡ ಬಲ ಸಮವಿತ್ತು. ಮುಂದಿನ ಅಳತೆಯಲ್ಲಿ ದೋಷ ಸಿಕ್ಕಿತು: ಕಮ್ಮಿ ಇರಬೇಕಾದ ಕಡೆ ಎರಡು ಕಾಳಿನಷ್ಟು ಜಾಸ್ತಿ ಇತ್ತು. ನನ್ನ ಗಾಲಿಗಳು ಮುನಿಸಿಕೊಂಡ ದಂಪತಿಯಂತೆ ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ನಟ್ಟು ಸಡಿಲಿಸಿ ರಾಜಿ ಮಾಡಿಸಿದೆ. ಅಳತೆಗೆಂದು ಆರಿಸಿದ್ದ ಜೋಳದ ಕಾಳನ್ನು ಕಲ್ಲಿನ ಮೇಲೆ ಇಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಆಶಮ್ಮನ ಕೋಳಿ ಬಂದು ಸರ್ಕಾರಿ ಅಳತೆಯನ್ನೇ ನುಂಗಿಹೋಯಿತು. ಎರಡನೆಯ ಕಾಳು ಮೊದಲಿನದಕ್ಕೆ ಸರಿಸಮ ಹೌದೋ ಅಲ್ಲವೋ ಎಂದು ಕರಿಬಸಯ್ಯನಿಗೂ ನನಗೂ ಅರ್ಧ ತಾಸು ವಾದ ನಡೆಯಿತು. ಅವನೇ ಗೆದ್ದ. ವಕೀಲನಾಗಬೇಕಿದ್ದವನು.

ಸಂಜೆ ಗಾಡಿ ಓಡಿಸಿದೆ. ಬಲಕ್ಕೇ ಹೋಯಿತು. ಮೊದಲಿಗಿಂತ ಸ್ವಲ್ಪ ವಿನಯದಿಂದ, ಆದರೆ ಬಲಕ್ಕೇ.

ಬರವಣಿಗೆಯಲ್ಲಿ ಆಗದು, ಮಾರ್ಕಂಡೇಯ. ನಿನ್ನ ಕಣ್ಣೇ ಬೇಕು. ಶಾಲೆಯ ಗೋಡೆ ಒಂದು ಬೆರಳು ವಾಲಿದೆ ಎಂದು ಮಾಸ್ತರರಿಗೆ ಹೇಳಿ ಒದೆ ತಿಂದವನ ಕಣ್ಣು ಅದು. ಅಂದ ಹಾಗೆ, ನಿನ್ನ ಕಾಗದದ ಸಾಲುಗಳೂ ನನ್ನ ಗಾಡಿಯ ಹಾಗೆ ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಇಳಿದಿವೆಯಲ್ಲ. ಗದ್ವಾಲದಲ್ಲಿ ಸೇಂದಿ ಅಗ್ಗವೇ?

ಬಾ. ಕಾಶಿ ಈ ವಾರ ಎರಡು ಹಳ್ಳಿಗೆ ಎತ್ತಿನ ಗಾಡಿಯಲ್ಲಿ ಹೋಗಿಬಂದಳು. ಒಂದು ಕಡೆ ತಡವಾಯಿತಂತೆ. 

ಜಯತೀರ್ಥ

*

ಗದ್ವಾಲ
೯ ಫೆಬ್ರವರಿ ೧೯೪೩

ವಕೀಲರಿಗೆ,

ವಕೀಲರಿಗೆ 'ನೀವು' ಅನ್ನದ ಏನನ್ನಲಿ. ಸಿಟ್ಟು ಇಲ್ಲ. ಕಾಗದ ವಾರಿ ಇಟ್ಟು ಬರದಿದ್ದೆ, ಅದಕ್ಕ ಸಾಲು ಇಳದಾವ. ಸೇಂದಿ ನಾನು ಕುಡ್ಯಂಗಿಲ್ಲ.

ಗಾಡಿ ಖಾಲಿ ಇಟ್ಟು ಅಳದೀರಿ. ತಪ್ಪು ನಂದು, ಬರ್ಯಾಕ ಮರತೆ. ಕೂಡೋ ಮಂದಿ ತೂಕ ಗಾಡಿ ಮ್ಯಾಲೆ ಇರಬೇಕು. ತೂಕ ಬಿತ್ತಂದ್ರ ಕಮಾನು ಪಟ್ಟಿ, ಅಂದ್ರ ಸ್ಪ್ರಿಂಗು, ಕುಂದರತಾವ, ಅಚ್ಚು ಜರಗತೈತಿ, ಅಳತಿನ ಬ್ಯಾರೆ ಬರತೈತಿ. ನೀವು ನೆಲಕ್ಕ ಮಲಗಿರತೀರಿ, ಅದಕ್ಕ ನಿಮ್ಮ ಜಾಗಾದಾಗ ನಿಮ್ಮ ತೂಕದಷ್ಟು ಜೋಳದ ಚೀಲ ಇಡ್ರಿ. ಹಿಂದ ಎಡಕ್ಕ ಕಾಶಕ್ಕ ಕೂಡಲಿ. ಹಂಗ ಇಟ್ಟು ಅಳದು ನಟ್ಟು ಬಿಗೀರಿ.

ನಿಮ್ಮ ತೂಕ ಎಷ್ಟಂತ ನನಗೂ ಬರೀರಿ. ಸುಮ್ಮನ ಅಂದಾಜಲ್ಲ, ತೂಗಿದ್ದು.

ಬರಾಕ ಆಗಂಗಿಲ್ಲ.

ಮಾರ್ಕಂಡೇಯ

*

ನಾರಾಯಣಪೇಟೆ
೨೦ ಫೆಬ್ರವರಿ ೧೯೪೩

ಮಾರ್ಕಂಡೇಯಾ!

ಗೆದ್ದೆ. ಊರಲ್ಲಿ ಬ್ಯಾಂಡು ಸಿಗಲಿಲ್ಲ, ಇಲ್ಲವಾದರೆ ಬಾರಿಸುತ್ತಿದ್ದೆ.

ನೀನು ಕೇಳಿದ ಅಂಕಿ: ಕಾಲೇಜಿನ ಅಖಾಡದಲ್ಲಿ ತೂಗಿದಾಗ ನನ್ನ ತೂಕ ಒಂದು ಮಣ ಇಪ್ಪತ್ತೈದು ಸೇರು. ಅಂದಿನಿಂದ ಇಂದಿನವರೆಗೆ ನನ್ನಲ್ಲಿ ಬೆಳೆದದ್ದು ಜ್ಞಾನ ಒಂದೇ, ಅದಕ್ಕೆ ತೂಕವಿಲ್ಲ. ಕೋಟುಗಳು ಬಿಗಿಯಾಗಿರುವುದಕ್ಕೆ ನಮ್ಮ ಮಡಿವಾಳನ ಕೈಗುಣ ಕಾರಣ. ಅಷ್ಟು ಜೋಳವನ್ನು ಸೇರಿನಲ್ಲಿ ಅಳೆದು ಚೀಲ ಕಟ್ಟಿ ನನ್ನ ಆಸನದಲ್ಲಿ ಕೂಡಿಸಿದೆವು. ಚೀಲಕ್ಕೆ ನನ್ನ ರುಮಾಲು ಇಟ್ಟವಳು ಆಶಮ್ಮ. 'ಥೇಟ್ ರಾಯರ. ಬಾಯೊಂದು ಹೊಲದಾರ' ಎಂದಳು.

ನೂಲು ಹಿಡಿದೆವು, ಗೆರೆ ಕೊರೆದೆವು, ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿದೆವು. ನಟ್ಟನ್ನು ಕಾಲು ಸುತ್ತು, ಮತ್ತೆ ಅರೆಕಾಲು ಸುತ್ತು ತಿರುವಿ, ಒಂದೇ ಒಂದು ಕಾಳಿಗೆ ತಂದು ಬಿಗಿದೆವು. ಪರೀಕ್ಷೆಗೆ ಕಾಶಿಯೂ ನಾನೂ ಮಖ್ತಲ್ ರಸ್ತೆ ಹಿಡಿದೆವು. ಕೇಳು, ಮಾರ್ಕಂಡೇಯ, ಮತ್ತು ನಿನ್ನ ಮೋಟಾರುಖಾನೆಯ ಗೋಡೆಯ ಮೇಲೆ ಬರೆದಿಡು: ಎರಡನೆಯ ಮೈಲುಗಲ್ಲಿನಿಂದ ಮೂರನೆಯದರವರೆಗೆ ಸ್ಟೇರಿಂಗಿನ ಮೇಲೆ ನನ್ನ ಒಂದು ಬೆರಳೂ ಇರಲಿಲ್ಲ. ಗಾಡಿ ಹಾಸಿನ ನೂಲಿನಂತೆ ಹೋಯಿತು. ಧೂಳು ಸಹ ಎರಡೂ ಕಡೆ ಸಮನಾಗಿ ಎದ್ದಿತು.

ಇನ್ನು ನನ್ನನ್ನು ವಕೀಲ ಅನ್ನಬೇಡ. ಮನುಷ್ಯರನ್ನು ನೆಟ್ಟಗೆ ಮಾಡುವುದು ಹದಿನಾಲ್ಕು ವರ್ಷದಲ್ಲಿ ಆಗಲಿಲ್ಲ. ಗಾಲಿಯನ್ನು ಎರಡು ಭಾನುವಾರದಲ್ಲಿ ಮಾಡಿದೆ. ದೊಡ್ಡಪ್ಪನವರಿಗೆ ಸುದ್ದಿ ಮುಟ್ಟಿಸಿದೆ. 'ನೋಡೋಣಂತ' ಎಂದಷ್ಟೇ ಅಂದರು.

ನೀನು ಬಾರದೆಯೇ ಕೆಲಸವಾಯಿತು ಎಂದು ತಿಳಿಸಲು ಸಂತೋಷವಾಗುತ್ತದೆ. ಬಂದಿದ್ದರೆ ಹೆಚ್ಚು ಸಂತೋಷವಾಗುತ್ತಿತ್ತು.

ಜಯತೀರ್ಥ, ಬಿ.ಎ., ಗಾಲಿಪಂಡಿತ

*

ಮಖ್ತಲ್
೧೪ ಮಾರ್ಚ್ ೧೯೪೩

ಮಾರ್ಕಂಡೇಯನಿಗೆ,

ನನ್ನ ಜಯಘೋಷಕ್ಕೆ ನೀನು ಉತ್ತರ ಬರೆಯಲಿಲ್ಲ. ಒಳ್ಳೆಯದೇ ಆಯಿತು.

ಇದನ್ನು ಮಖ್ತಲಿನ ಮುಸಾಫಿರಖಾನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಇಲ್ಲಿಂದಾಚೆಯ ಹಳ್ಳಿಯೊಂದರಿಂದ ಕರೆ ಬಂತು. ಕುರುಮಮ್ಮ ಎಂಬ ಹೆಂಗಸು, ಮೂರನೆಯ ಹೆರಿಗೆ. ಗಾಡಿ ತೆಗೆದೆ. ಮೊದಲ ಮೈಲಿನಿಂದಲೇ ಬಲಕ್ಕೆ ಎಳೆಯಲು ಶುರುವಾಯಿತು. ರಟ್ಟೆ ಸೋಲುವಷ್ಟು ಎಡಕ್ಕೆ ಹಿಡಿದೆ. ಮಖ್ತಲ್ ದಾಟಿದ ಮೇಲೆ ಎದುರಿಗೆ ಹತ್ತಿ ಬಂಡಿ ಬಂತು, ಎತ್ತುಗಳು ಬೆದರಿದವು, ನನ್ನ ಕೈ ಒಂದು ಕ್ಷಣ ಸಡಿಲಾಯಿತು. ಗಾಡಿ ರಸ್ತೆ ದಾಟಿ ಬಲಗಡೆ ಕೊಯ್ದ ಜೋಳದ ಹೊಲಕ್ಕೆ ಇಳಿಯಿತು. ಬಂಡಿಯವನಿಗೆ ಏನೂ ಆಗಲಿಲ್ಲ. ಕೂಳೆಗೆ ಸಿಕ್ಕು ಟಾಯರು ಒಂದು ಗೇಣು ಸೀಳಿತು.

ಕಾಶಿ ಚೀಲ ತೆಗೆದುಕೊಂಡು ಇಳಿದು ನಡೆಯತೊಡಗಿದಳು. ನನ್ನ ಕಡೆ ನೋಡಲೂ ಇಲ್ಲ. ಎರಡು ಮೈಲು ನಾನು ಅವಳ ಹಿಂದೆ ಓಡುತ್ತ ನಡೆದೆ. ನಾವು ಹೋಗುವಷ್ಟರಲ್ಲಿ ಕೂಸು ಹುಟ್ಟಿತ್ತು, ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಕಾಶಿ ಎರಡು ತಾಸು ಆ ಗುಡಿಸಲಿನಿಂದ ಹೊರಗೆ ಬರಲಿಲ್ಲ. ಕುರುಮಮ್ಮನ ಅತ್ತೆ ನನ್ನನ್ನು ನೋಡಿ, 'ನೀವಽ ಏನ್ರಿ ಮೋಟಾರಿನವರು? ಮೋಟಾರಿದ್ದೂ ನಡಕೊಂಡು ಬಂದ್ರೆ?' ಎಂದಳು. 

ಕುರುಮಮ್ಮ ಬದುಕಿದಳು. ಬದುಕಿದಳು, ಅಷ್ಟೆ. ಇನ್ನೊಂದು ಅರ್ಧ ತಾಸು ತಡವಾಗಿದ್ದರೆ ಎಂದು ಕಾಶಿ ಶುರುಮಾಡಿ ನಿಲ್ಲಿಸಿದಳು.

ಹಳೆಯ ಟಾಯರಿನ ತುಂಡು ಒಳಗಿಟ್ಟು ಹೊಲಿಸಿದ್ದೇನೆ. ಹೀಗೆಯೇ ಎಳೆದರೆ ನೂರು ಮೈಲು ಬರುತ್ತದೆ. ನೆಟ್ಟಗೆ ಓಡಿದರೆ ಬಹುಶಃ ವರುಷ. ದೊಡ್ಡಪ್ಪನವರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿರುತ್ತದೆ.

ನೀನು ಹೇಳಿದಂತೆಯೇ ಮಾಡಿದ್ದೆ. ಆದರೂ ಹೀಗಾಯಿತು. ಎರಡು ಸಲ ಕರೆದೆ, ಬರಲಿಲ್ಲ. ಯಾಕೆಂದು ನನಗೆ ಗೊತ್ತಿದೆ. ಕಾಶಿಯ ಮದುವೆಯಲ್ಲಿ ನಿನಗೆ ಹೊರಗಿನ ಅಂಗಳದಲ್ಲಿ ಬೇರೆ ಎಲೆ ಹಾಕಿದರು. ನಾನು ಒಳಗಿನ ಪಂಕ್ತಿಯಿಂದ ನೋಡಿದೆ. ಎದ್ದು ಬಂದು ನಿನ್ನ ಪಕ್ಕ ಕೂಡಬೇಕಿತ್ತು. ಕೂಡಲಿಲ್ಲ. ಅದರ ಸಿಟ್ಟನ್ನು ನನ್ನ ಮೇಲೆ ತೀರಿಸಿಕೋ, ಕಾಶಿಯ ಮೇಲಲ್ಲ.

ಜಯತೀರ್ಥ

ಮಾರ್ಕಂಡಣ್ಣಾ, ನಾನು ಕಾಶಿ ಬರೀಲಿಕ್ಕತ್ತೀನಿ. ಅಣ್ಣ ಅಂಚೆ ಚೀಟಿ ತರ್ಲಿಕ್ಕೆ ಹೋಗ್ಯಾನ. ಅವ ಬರದದ್ದು ಓದಿದೆ, ಸಿಟ್ಟಿನ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡ. ನಿನ್ನ ಎರಡೂ ಕಾಗದ ನಾ ನೋಡೀನಿ. ಸಾಲು ನಡುವಿನ ತನಕಾ ನೆಟ್ಟಗ ಬರ್ತಾವ, ಆಮ್ಯಾಲೆ ಬಲಕ್ಕ ಕೆಳಗ ಜಾರ್ತಾವ. ಬಲಗಡೆ ಅಂಚಿನಾಗ ಅಕ್ಷರದ ಮ್ಯಾಲೆ ಅಕ್ಷರ ಕೂತಾವ. ಕಾಗದ ವಾರಿ ಇಟ್ಟರ ಹಂಗಾಗಂಗಿಲ್ಲ. ಯಾವ ಕಣ್ಣು? ಎಷ್ಟು ದಿನಾ ಆತು? ಮುಚ್ಚಿಡಬ್ಯಾಡ.

*

ಗದ್ವಾಲ
೨೮ ಮಾರ್ಚ್ ೧೯೪೩

ಜಯಾ,

ಈ ಸಲ ಸಾಲು ನೆಟ್ಟಗ ಇರತಾವ. ನನ್ನ ಹೆಣ್ತಿ ಮೈಸಮ್ಮ ಕಾಗದದ ಮ್ಯಾಲೆ ಅಡ್ಡಪಟ್ಟಿ ಹಿಡದಾಳ. 'ಎಲ್ಲಾ ಬರೀ, ಇಲ್ಲಾಂದ್ರ ಪಟ್ಟಿ ತಗೀತೀನಿ' ಅಂತ ಕುಂತಾಳ.

ಬಲಗಣ್ಣು. ದೀಪಾವಳಿ ಮುಂದ ಒಂದು ಕೀಲು ಬಡೀವಾಗ ಉಕ್ಕಿನ ಚೂರು ಹಾರಿ ಬಿತ್ತು. ನೀರು ಹಾಕಿ ತೊಳಕೊಂಡೆ, ಆತು ಅಂದೆ. ಸಂಕ್ರಾಂತಿಗೆ ಅದು ಪೂರಾ ಕತ್ತಲಾತು. ಎಡಗಣ್ಣು ಒಂದಿಷ್ಟು ಮಂಜು. ಮೋಟಾರುಖಾನ್ಯಾಗ ಯಾರಿಗೂ ಹೇಳಿಲ್ಲ. ಗಾಲಿ ಈಗ ಬೆರಳಿಲೆ ನೋಡತೀನಿ, ನೂಲು ಮುಟ್ಟಿ ನೋಡತೀನಿ. ಇಲ್ಲೀ ಗಾಡಿ ನನಗ ರೂಢಿ ಅದಾವ, ನಡದೈತಿ. ನಿನ್ನ ಗಾಡಿಗೆ ಬಂದಿದ್ರ ಅಷ್ಟು ಮಂದಿ ಎದುರು ನೂಲು ಹಿಡದು, ಕಾಣದನ ನಿಂದರಬೇಕಾಗ್ತಿತ್ತು. ನಾ ಹುಟ್ಟಿದ ಓಣಿ ಅದು. ಅಲ್ಲೆ ನಾಚಿಕಿ ಆತು. ಅದಕ್ಕ 'ನೀವು' ಅಂತ ಬರದೆ. 'ನೀನು' ಅಂದಿದ್ರ ಎಲ್ಲಾ ಬಾಯಿಗೆ ಬರತಿತ್ತು.

ಊಟದ ಮಾತು ಬಿಡು. ಮರತೀನಿ ಅಂದ್ರ ಸುಳ್ಳು. ಆದ್ರ ಎಲಿ ಸಿಟ್ಟಿಗೆ ಗಾಲಿ ಕೆಡಸೋನಲ್ಲ ನಾನು. ನೀ ಅವತ್ತು ನೋಡಿದಿ ಅಂತ ಇವತ್ತು ಬರದಿಯಲ್ಲ, ಅದು ನನಗ ಮುಟ್ಟಿತು.

ಈಗ ಗಾಡಿ ಮಾತು. ನಿನ್ನ ಫೆಬ್ರವರಿ ಕಾಗದ ಮೈಸಮ್ಮನ ಕಡಿಂದ ನಾಕು ಸಲ ಓದಿಸಿದೆ. ಆ ದಿನ ನೆಟ್ಟಗ ಓಡೇತಿ. ಮೂರು ವಾರ ಬಿಟ್ಟು ಅದ ಗಾಡಿ, ಅದ ನಟ್ಟು, ಬಲಕ್ಕ ಎಳದೈತಿ. ಹಂಗಾಗಾಕ ಬರಂಗಿಲ್ಲ. ನಟ್ಟು ತಾನ ತಿರುಗಂಗಿಲ್ಲ. ಆ ದಿನಕ್ಕೂ ಈ ದಿನಕ್ಕೂ ಏನೋ ಬದಲಾಗೇತಿ, ನೀ ಬರದಿಲ್ಲ. ಬಲಗಡೆ ಕಮಾನು ಕುಸದ್ರ ಆ ಕಡಿ ಅಚ್ಚು ಹಿಂದಕ್ಕ ಜರಗತೈತಿ, ಗಾಡಿ ಬಲಕ್ಕ ಎಳೀತೈತಿ. ಯಾವ ತೂಕಕ್ಕ ಕುಸೀತೈತಿ, ಅದು ಹೇಳು.

ಜಯಾ, ಇದೊಂದು ತಿಳಕೋ. ನಾ ಇಲ್ಲಿ ಕುಂತು ನಿನ್ನ ಗಾಲಿ ನೋಡೋದು ನೀ ಬರದ ಅಂಕೀಲೆ. ನಿನ್ನ ಅಂಕಿನ ನನ್ನ ಕಣ್ಣು. ಅದೂ ಸುಳ್ಳಾದ್ರ ನಾ ಪೂರಾ ಕುಲ್ಡ.

ಮಾರ್ಕಂಡೇಯ

*

ನಾರಾಯಣಪೇಟೆ
೬ ಏಪ್ರಿಲ್ ೧೯೪೩

ಮಾರ್ಕಂಡೇಯಾ,

ನಿನ್ನ ಕಾಗದವನ್ನು ನಿಂತು ಓದಿ, ಕೂತು ಓದಿ, ಆಮೇಲೆ ಕಾಶಿಗೆ ಕೊಟ್ಟೆ. ಅವಳು ಓದಿ ಮಡಿಸಿ, 'ನಾ ಬರೋ ಗುರುವಾರ ಗದ್ವಾಲಕ್ಕ ಹೋಗ್ತೀನಿ' ಎಂದಳು. ಗಾಡಿಯಲ್ಲಿ ಹೊಳೆಯ ತನಕ, ಹರಿಗೋಲಿನಲ್ಲಿ ಆ ದಡಕ್ಕೆ. ಅಲ್ಲಿಂದ ನಿನ್ನನ್ನೂ ಮೈಸಮ್ಮನನ್ನೂ ರೈಲಿನಲ್ಲಿ ಕರ್ನೂಲಿಗೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಕಣ್ಣಿನ ಡಾಕ್ಟರೊಬ್ಬರನ್ನು ಬಲ್ಲಳು. ಬಲಗಣ್ಣಿನ ಬಗ್ಗೆ ಅವಳು ಆಸೆ ಹೇಳಲಿಲ್ಲ. ಎಡಗಣ್ಣನ್ನು ಕಳೆದುಕೊಳ್ಳಬಾರದು, ತಡಮಾಡಬಾರದು ಎಂದಳು. ಬರುವುದಿಲ್ಲ ಎಂದು ಕೂತರೆ ಹೊತ್ತುಕೊಂಡು ಹೋಗುವಳು. ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆಯ ಅಪೀಲು.

ಇನ್ನು ಅಂಕಿಯ ಮಾತು.

ನಿನ್ನೆ ಹತ್ತಿ ಮಂಡಿಗೆ ಹೋದೆ. ಹತ್ತಿ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆಯಲ್ಲ, ಅದರ ಒಂದು ತಟ್ಟೆಯಲ್ಲಿ ಕೂತೆ. ಕರಿಬಸಯ್ಯ ಇನ್ನೊಂದು ತಟ್ಟೆಗೆ ಕಲ್ಲು ಇಡುತ್ತ ಹೋದ. ಒಂದು ಮಣ ಇಪ್ಪತ್ತೈದು ಸೇರಿಗೆ ತಕ್ಕಡಿ ಅಲ್ಲಾಡಲೂ ಇಲ್ಲ. ಎರಡು ಮಣ ಇಟ್ಟ. ಅಲ್ಲಾಡಲಿಲ್ಲ.

'ರಾಯರ, ಕಲ್ಲು ಸಾಲವಲ್ವು.'

'ಪಕ್ಕದ ಮಂಡಿಯಿಂದ ಇಸಗೊಂಡು ಬಾ.'

'ಇಳೀರಿ ರಾಯರ, ಮಂದಿ ನೋಡಾಕತ್ತಾರ.'

'ನೋಡಲಿ. ನೋಡಲಾಗದವನೊಬ್ಬನಿಗೆ ನಾನು ಲೆಕ್ಕ ಕೊಡಬೇಕಾಗಿದೆ' ಎಂದೆ. ಅವನಿಗೆ ತಿಳಿಯಲಿಲ್ಲ, ಆದರೆ ಹೋಗಿ ತಂದ. ಎರಡು ಮಣ ಮೂವತ್ತು ಸೇರು, ಮಾರ್ಕಂಡೇಯ. ಪಂಚೆ ಸಹಿತ, ರುಮಾಲು ರಹಿತ. ಆಶಮ್ಮ ರಾಟೆಗೆ ಹಂಜಿ ಕೊಳ್ಳಲು ಬಂದವಳು ನಿಂತು ನೋಡಿ, 'ಅಯ್ಯ ನಮ್ಮಪ್ಪಾ, ಅವತ್ತಿನ ಚೀಲ ರಾಯರ ಕೂಸಾಗಿತ್ತೇನು!' ಎಂದು ಹೋದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕಕ್ಷಿಗಾರರು ಕೂಡ ಈಗ ನನ್ನ ಮಾತಿಗೆ ತೂಕವಿದೆ ಎನ್ನುತ್ತಿದ್ದಾರೆ. ನಗುತ್ತ ಅನ್ನುತ್ತಾರೆ.

ಅಷ್ಟೇ ತೂಕದ ಚೀಲಗಳನ್ನು ನನ್ನ ಆಸನದಲ್ಲಿಟ್ಟು ನೂಲು ಹಿಡಿದೆವು. ಬಲಗಡೆಯ ಕಮಾನು ಮುಲುಗಿ ಕುಸಿಯಿತು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಎಡಗಡೆಗಿಂತ ಬಲಗಡೆ ಮೂರು ಕಾಳಿನಷ್ಟು ಕಮ್ಮಿ. ಚೀಲ ತೆಗೆದು ಕಾಶಿಯನ್ನು ಆ ಜಾಗದಲ್ಲಿ ಕೂಡಿಸಿದೆವು. ಎರಡೂ ಕಡೆ ಸಮ, ಮುಂದೆ ಒಂದೇ ಕಾಳು. ಮೂರು ಸಲ ಅಳೆದೆ. ಇವು ನಿಜವಾದ ಅಂಕಿಗಳು. ಬೇಕಾದರೆ ಗುರುವಾರ ಕಾಶಿಯನ್ನೇ ಕೇಳು, ಕಾಗದಕ್ಕೆ ಅವಳ ರುಜುವನ್ನೂ ಹಾಕಿಸಿದ್ದೇನೆ.

ಗಾಡಿಯಲ್ಲಿ ದೋಷವಿಲ್ಲ. ನಟ್ಟು ಮುಟ್ಟುವ ಅಗತ್ಯವೂ ಇಲ್ಲ. ಬದಲಾಗಬೇಕಾದ್ದು ಒಂದೇ, ಅದನ್ನು ಬದಲಿಸಿದ್ದೇವೆ. ಇಂದಿನಿಂದ ಕಾಶಿ ನಡೆಸುತ್ತಾಳೆ. ದೊಡ್ಡಪ್ಪನವರು ಬೆಳಿಗ್ಗೆ ಬಂದು ಕೂಗಾಡಿದರು. 'ಟಾಯರು ಇರೂತನಕ ತಿರುಗಲಿ ಅಂದವರು ನೀವು. ಟಾಯರು ಇನ್ನೂ ಇದೆ. ಯಾರು ನಡೆಸಬೇಕು ಎಂಬುದು ತೀರ್ಪಿನಲ್ಲಿ ಇರಲಿಲ್ಲ' ಎಂದು ವಾದಿಸಿದೆ. ಹದಿನಾಲ್ಕು ವರ್ಷದಲ್ಲಿ ನಾನು ಪೂರಾ ಗೆದ್ದ ಮೊದಲ ಮೊಕದ್ದಮೆ. ಅವರು ಊಟ ಮಾಡದೆ ಹೋದರು. ನಾಳೆ ಮತ್ತೆ ಬರುತ್ತಾರೆ, ನಾಡಿದ್ದೂ ಬರುತ್ತಾರೆ. ನನಗೆ ಈಗಲೇ ದಣಿವಾಗಿದೆ, ಕಾಶಿಗೆ ಆದಂತಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ದಿನಕ್ಕೂ ಈ ದಿನಕ್ಕೂ ಏನು ಬದಲಾಯಿತು ಎಂದು ನೀನು ಕೇಳಿದ್ದೀ, ತೂಕ ಅದಕ್ಕೆ ಅರ್ಧ ಉತ್ತರ ಮಾತ್ರ. ಫೆಬ್ರವರಿಯಲ್ಲಿ ಮಖ್ತಲ್ ರಸ್ತೆಯ ಪರೀಕ್ಷೆಯ ದಿನ, ಮುಂದಿನ ಗಾಲಿ ಹೇಗೆ ತಿರುಗುತ್ತದೆಂದು ಹೊರಗೆ ನಿಂತು ನೋಡಬೇಕೆನಿಸಿತು. ನಾನು ಇಳಿದೆ. 'ಅಣ್ಣಾ, ಒಂದು ಮೈಲು ನಾ ನಡಸ್ಲೇನು?' ಎಂದಳು ಕಾಶಿ. ಯಾವಾಗ ಕಲಿತೆ ಎಂದು ಕೇಳಿದೆ. 'ನಾಲ್ಕು ವರ್ಷ ಹಿಂದ ಕೂತು ನಿನ್ನ ತಪ್ಪು ಎಣಸೀನಿ' ಎಂದಳು. ಕುರುಮಮ್ಮನ ಊರಿಗೆ ಹೊರಟ ದಿನವೂ ಅದನ್ನೇ ಕೇಳಿದ್ದಳು, ಮಾರ್ಕಂಡೇಯ. ಮಂದಿ ಏನಂದಾರು ಎಂದು ನಾನೇ ಸ್ಟೇರಿಂಗು ಹಿಡಿದೆ. ಎರಡನೆಯ ಮೈಲುಗಲ್ಲಿನಿಂದ ಮೂರನೆಯದರವರೆಗೆ ಸ್ಟೇರಿಂಗಿನ ಮೇಲೆ ನನ್ನ ಒಂದು ಬೆರಳೂ ಇರಲಿಲ್ಲ ಎಂದು ನಿನಗೆ ಬರೆದದ್ದು ಅಕ್ಷರಶಃ ಸತ್ಯ. ಆ ಹೊತ್ತಿಗೆ ನನ್ನ ಹತ್ತೂ ಬೆರಳು ಎರಡನೆಯ ಮೈಲುಗಲ್ಲಿನ ಮೇಲೆ ಊರಿದ್ದವು. ನಾನು ಅದರ ಮೇಲೆ ಕೂತು ಏದುಸಿರು ಬಿಡುತ್ತ, ನನ್ನನ್ನು ಇಳಿಸಿ ಹಗುರಾದ ಗಾಡಿ ಎಷ್ಟು ನೆಟ್ಟಗೆ ಹೋಗುತ್ತಿದೆ ಎಂದು ನೋಡುತ್ತಿದ್ದೆ.

ಜಯತೀರ್ಥ
ರುಜು: ಕಾಶೀಬಾಯಿ